ಪೇಪರಿನಲ್ಲಿ ಬಂದ ಅವಲಕ್ಕಿ ಸರ

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ಮಧ್ಯಾಹ್ನದ ಊಟ ಮುಗಿದು, ತೊಳೆದ ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ ಪೇಪರ್ ಓದುವ ಹೊತ್ತು. ಓದುವವಳು ನಾನು. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಉಪಯೋಗಕ್ಕೆ ಬಂದದ್ದು ಅದೊಂದಕ್ಕೇ. ನಮ್ಮ ಮನೆಯವರು ಬೆಳಿಗ್ಗೆ ಓದಿ, ಮಡಚಿಟ್ಟು, ಲೋಕಲ್ ಹಿಡಿಯಲು ಓಡಿದರೆ ಮತ್ತೆ ಆ ಪೇಪರು ನಮ್ಮದು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಮೇಲಿನ ಮಹಡಿಯ ಮೈಸೂರಿನವರು ಹೆಣಿಗೆ ಹಿಡಿದು ಬರುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ.

"ದೆಹಲಿಯದ್ದು ಬಿಡು ಮಾರಾಯ್ತಿ, ಇಲ್ಲಿ ಆಸುಪಾಸಿನದ್ದು ಎಂತ ಉಂಟು ಹೇಳು" ಎನ್ನುತ್ತಿದ್ದರು ಅತ್ತೆ. ಆಸುಪಾಸಿನದ್ದೆಂದರೆ ಕಳವು, ಚೂರಿ ಇರಿತ, ಕಳ್ಳಭಟ್ಟಿ.

ದಿನಾ ಓದಿ ಓದಿ ನನಗೊಂದು ಸಂಗತಿ ಕಾಣತೊಡಗಿತ್ತು. ಕೆಲವರು ಕದ್ದರೆ ಅವರು ಯಾವ ಕಡೆಯವರೆಂಬುದು ತಲೆಬರಹದಲ್ಲೇ ಬರುತ್ತಿತ್ತು. ಮದ್ರಾಸಿ, ಪಠಾಣ, ಸಿಂಧಿ ನಿರಾಶ್ರಿತ. ಇನ್ನು ಕೆಲವರು ಕದ್ದರೆ ಅವರು ಬರೀ ಒಬ್ಬ ಯುವಕ, ಗೌರವಸ್ಥ ಮನೆತನದವನು. ಜುಹೂ ಕಡೆ ಒಬ್ಬ ಬಿಳಿಯ ಸಾಹೇಬ ಕುಡಿದ ಅಮಲಿನಲ್ಲಿ ತರಕಾರಿ ಗಾಡಿಯವನ ಮೇಲೆ ಕಾರು ಹಾಯಿಸಿದಾಗ ಅದು ರಸ್ತೆಯ ದೀಪ ಸರಿಯಿಲ್ಲದ ಕಾರಣ ಆದ ಅಪಘಾತವಾಗಿತ್ತು.

ಇದನ್ನು ಹೇಳಿದರೆ ಮೈಸೂರಿನವರು ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಕದ್ದೋರ ಹೆಸರು ಬರದೆ ಇನ್ಯಾರ ಹೆಸರು ಬರುತ್ತೇರೀ?"

"ನಮ್ಮನ್ನೂ ನಿಮ್ಮನ್ನೂ ಸೇರಿಸಿಯೇ ಅಲ್ವಾ ಇವರು ಮದ್ರಾಸಿ ಅನ್ನೋದು?"

"ನಾವು ಮೈಸೂರಿನವರು. ಹೋಟ್ಲಿನವರಲ್ಲ."

"ಅದನ್ನು ಕೆಳಗಿನ ಟಾಂಗಾದವನಿಗೆ ಹೇಳಿ ಬನ್ನಿ" ಎಂದರು ಅತ್ತೆ. "ಮೈಸೂರು ಮದ್ರಾಸಿನಲ್ಲಿ ಯಾವ ಗಲ್ಲಿ ಅಂತ ಕೇಳ್ತಾನೆ."

ನಮ್ಮ ಎದುರಿಗೆ, ರಸ್ತೆಯ ಆ ಕಡೆ, ಒಂದು ಬಂಗಲೆಯಿತ್ತು. ವಿಮಾನ ಕಂಪನಿಯೊಂದರ ಬಿಳಿಯ ಅಧಿಕಾರಿಯದು. ಅವರ ಅಡುಗೆಯವನು ಕುಂದಾಪುರದ ಕಡೆಯವನು. ಬಂಗಲೆಯ ಹಿಂದಿನ ಒಂಟಿ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಅವಳು ಚೊಚ್ಚಲ ಬಸುರಿ, ತವರು ದೂರ. ಹಾಗಾಗಿ ನಮ್ಮ ಮನೆಯೇ ಅವಳ ತವರಾಗಿತ್ತು. ಏಳನೆಯ ತಿಂಗಳಲ್ಲಿ ಅವಳ ಬಯಕೆ ಊಟವನ್ನು ನಮ್ಮಲ್ಲಿಯೇ ಮಾಡುವುದೆಂದು ಅತ್ತೆ ನಿಶ್ಚಯಿಸಿದರು.

ನಮ್ಮ ಕಡೆ ಬಯಕೆಗೆ ಕೂರುವ ಹೆಣ್ಣಿನ ಕೊರಳು ಬರಿದಾಗಿರುವಂತಿಲ್ಲ. ಅವಳಲ್ಲಿ ಚಿನ್ನವಿಲ್ಲದಿದ್ದರೆ ಇರುವ ಮನೆಯಿಂದ ಹೋಗುತ್ತದೆ. ಯಾರೂ ಅದನ್ನು ಕೊಟ್ಟೆನೆಂದೂ ಆಡುವುದಿಲ್ಲ, ತಂದೆನೆಂದೂ ಆಡುವುದಿಲ್ಲ. ಅತ್ತೆ ನನಗೆ ಹಾಕಿದ ಚಿನ್ನದ ಗುಂಡುಗಳ ಅವಲಕ್ಕಿ ಸರವನ್ನು ನಾನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುನ್ನಾದಿನವೇ ಅವಳಿಗೆ ಕೊಟ್ಟೆ.

"ಪೆಟ್ಟಿಗೆಯಲ್ಲಿಡಬೇಡ, ಅಕ್ಕಿಯೊಳಗೆ ಇಡು" ಎಂದರು ಅತ್ತೆ. "ಅಕ್ಕಿಯಿಂದ ತೆಗೆದು ಕೊರಳಿಗೆ ಹಾಕಿದರೆ ಮನೆ ತುಂಬ್ತದೆ."

ಅವಳು ನಾಚಿ ನಕ್ಕು, ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ರಸ್ತೆ ದಾಟಿದಳು.

ಮರುದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಬಂಗಲೆಯ ಗೇಟಿನಲ್ಲಿ ಹಳದಿ ಟೊಪ್ಪಿಯ ಹವಾಲ್ದಾರರು ಕಂಡರು. ಮೇಮ್‌ಸಾಹೇಬರ ಕೈಗಡಿಯಾರ ಮತ್ತು ಮುತ್ತಿನ ಬ್ರೋಚ್ ಕಾಣೆಯಾಗಿದ್ದವು. ಒಳಗೆ ಯಾರನ್ನೂ ಕೇಳುವ ಮೊದಲೇ ಹಿಂದಿನ ಕೋಣೆಗೆ ಹೋದರು. ಡಬ್ಬಗಳು ನೆಲಕ್ಕುರುಳುವ ಸದ್ದು ನಮ್ಮ ತನಕ ಕೇಳಿತು. ಆಮೇಲೆ ಅಡುಗೆಯವನನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋದರು. ಅವನ ಕಾಲಿಗೆ ಅಕ್ಕಿಕಾಳುಗಳು ಅಂಟಿಕೊಂಡಿದ್ದುದು ನನಗೆ ಈಗಲೂ ಕಾಣುತ್ತದೆ.

ಗಡಿಯಾರ, ಬ್ರೋಚ್ ಸಿಗಲಿಲ್ಲ. ಸಿಕ್ಕಿದ್ದು ನನ್ನ ಸರ.

ಮರುದಿನದ ಪೇಪರಿನಲ್ಲಿ ಅದು ಬಂತು. ಮದ್ರಾಸಿ ಅಡುಗೆಯವನ ಬಂಧನ; ಅಕ್ಕಿ ಡಬ್ಬದಲ್ಲಿ ಜಾಣತನದಿಂದ ಬಚ್ಚಿಟ್ಟಿದ್ದ ಚಿನ್ನ ವಶ. ಇಂಥ ಕೆಲಸದವರನ್ನು ಇಟ್ಟುಕೊಳ್ಳುವ ಗೃಹಿಣಿಯರು ಎಚ್ಚರದಿಂದಿರಬೇಕೆಂದು ಕೊನೆಗೊಂದು ಬುದ್ಧಿಮಾತು. ಅವನ ಹೆಂಡತಿ ನಮ್ಮ ಹೊಸ್ತಿಲಲ್ಲಿ ಕೂತು ಕೇಳಿದಳು, "ಎಂತ ಬರ್ದಿದಾರೆ ಅಮ್ಮ?" ನಾನು ಬರೆದದ್ದನ್ನೇ ಹೇಳಿದೆ. ಅವಳು ಅಳಲಿಲ್ಲ. "ಅಕ್ಕಿಯಲ್ಲಿ ಇಟ್ಟದ್ದು ತಪ್ಪಾಯ್ತಾ?" ಎಂದಳು, ಅತ್ತೆಯನ್ನು ನೋಡಿ. ಅತ್ತೆಯ ಕೈಯಲ್ಲಿದ್ದ ಮೊರ ಅಲ್ಲಿಯೇ ನಿಂತಿತು.

ಸಂಜೆ ನಮ್ಮ ಮನೆಯವರು ಶರ್ಟಿನ ಗುಂಡಿ ಬಿಚ್ಚುತ್ತ ಮೆಲ್ಲಗೆ ಹೇಳಿದರು, "ನೀನು ಪೊಲೀಸ್ ಸ್ಟೇಷನ್ನಿಗೆ ಹೋಗುವುದು ಬೇಡ. ನನ್ನ ಆಫೀಸಿನಲ್ಲೂ ದೊಡ್ಡವರೆಲ್ಲ ಬಿಳಿಯರೇ. ನಾಳೆ ಹೆಸರು ಬಂದರೆ?"

"ಅವ ಒಳಗೆ ಕೂತದ್ದು ನನ್ನ ಸರದಿಂದ" ಎಂದೆ.

"ಸರ ಹೋದರೆ ಹೋಗಲಿ."

ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಹೋಗಲಿ ಅನ್ಲಿಕ್ಕೆ ಅದು ನಿನ್ನಪ್ಪ ಮಾಡಿಸಿದ್ದು! ನನ್ನ ಸರ ಕದ್ದ ಮಾಲಾ? ನಾಳೆ ನಾನೂ ಬರ್ತೇನೆ, ಯಾರು ತಡೀತಾರೆ ನೋಡುವ."

ಮರುದಿನ ನಾವು ಮೂವರು ಹೆಂಗಸರು ಹೋದೆವು. ನಾನು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ ಕೂಡಲೇ ಇನ್‌ಸ್ಪೆಕ್ಟರು ಕುರ್ಚಿ ತರಿಸಿದರು. ಒಂದೇ ಕುರ್ಚಿ. ಬಸುರಿ ಗೋಡೆಗೆ ಒರಗಿ ನಿಂತಿದ್ದಳು. ನಾನು ಅವಳನ್ನು ಕೂರಿಸಿದೆ. ಇನ್‌ಸ್ಪೆಕ್ಟರ ಮುಖ ಗಂಟಿಕ್ಕಿತು.

"ಇವಳು ನಿಮಗೆ ಸಂಬಂಧವೇ?"

"ಇಲ್ಲ. ನೆರೆಯವಳು."

"ಒಬ್ಬ ಅಡುಗೆಯವನ ಹೆಂಡತಿಗೆ ಯಾರಾದರೂ ಚಿನ್ನ ಕೊಡುತ್ತಾರೆಯೇ, ಮೇಡಂ? ಅದೂ ಅಕ್ಕಿಯಲ್ಲಿಡು ಎಂದು ಹೇಳಿ?"

ಬಯಕೆಯೆಂದರೇನೆಂದು ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ನನ್ನ ಕಿವಿಗೇ ಕಟ್ಟುಕತೆಯ ಹಾಗೆ ಕೇಳಿಸಿತು. ಕೊನೆಗೆ ಸರದ ಗುರುತು ಹೇಳಿದೆ: ಕೊಂಡಿ ಮಾತ್ರ ಹೊಸತು, ಉಳಿದ ಚಿನ್ನಕ್ಕಿಂತ ಒಂದು ಬಣ್ಣ ಕೆಂಪು; ಅದರ ಪಕ್ಕದ ಗುಂಡು ಒಂದು ಬದಿಗೆ ನೆಗ್ಗಿದೆ, ನನ್ನ ಮಗು ಹಲ್ಲು ಬರುವಾಗ ಕಚ್ಚಿದ್ದು. ಅವರು ಸರ ತರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಹ್ಞೂಂ" ಎಂದರು. ಆದರೂ ಬ್ರೋಚ್ ಸಿಗದೆ ಅವನನ್ನು ಬಿಡುವಂತಿಲ್ಲವೆಂದರು.

ಮೂಲೆಯ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬಾತ ಹೊರಗೆ ನಮ್ಮನ್ನು ತಡೆದ. ಪೇಪರಿನವನು. ಒಳ್ಳೆಯ ನಡತೆಯ ಹುಡುಗ, ಟೊಪ್ಪಿ ತೆಗೆದು ಮಾತಾಡಿದ. ಈಗಲಾದರೂ ಸರಿಯಾದದ್ದು ಅಚ್ಚಾಗಲಿ ಎಂದು ನಾನು ಎಲ್ಲವನ್ನೂ ಹೇಳಿದೆ. ಮಧ್ಯೆ ಅವನು ಕೇಳಿದ್ದು ಒಂದೇ: "ತಾವೂ ಮದ್ರಾಸಿಗಳೇ?"

ಮರುದಿನ ಮಧ್ಯಾಹ್ನ ಓದಲು ಪೇಪರ್ ಬಿಡಿಸಿದಾಗ ಅಲ್ಲಿ ನಾನಿದ್ದೆ. ಬಂಗಲೆ ಕಳವು ಪ್ರಕರಣಕ್ಕೆ ಹೊಸ ತಿರುವು. ಅಕ್ಕಿ ಡಬ್ಬದ ಚಿನ್ನ ತನ್ನದೆಂದು ಇನ್ನೊಬ್ಬ ಮದ್ರಾಸಿ ಹೆಂಗಸಿನ ವಾದ. ಪೊಲೀಸರು ಇವರ ನಡುವಣ ನಂಟನ್ನು ಪರಿಶೀಲಿಸುತ್ತಿದ್ದಾರೆ. ಬಯಕೆಯ ಮಾತಿಲ್ಲ, ಕೊಂಡಿಯ ಮಾತಿಲ್ಲ. ಮೈಸೂರಿನವರು ಹೆಣಿಗೆಯ ಉಂಡೆ ಸುತ್ತಿದರು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ" ಎಂದು ಎದ್ದವರು ಮತ್ತೆ ಪೇಪರ್ ಕೇಳಲು ಬರಲಿಲ್ಲ.

ಅಲ್ಲಿಂದ ಮುಂದೆ ಸಣ್ಣ ಸಣ್ಣ ಸಂಗತಿಗಳು. ಹಾಲಿನ ಭೈಯಾ ಒಳಗೆ ಬರದೆ ಬಾಗಿಲಲ್ಲೇ ಅಳೆದು ಹೋಗತೊಡಗಿದ. ಎದುರುಮನೆಯವರು ದಿನವಿಡೀ ತೆರೆದಿಡುತ್ತಿದ್ದ ಬಾಗಿಲಿಗೆ ಒಳಚಿಲಕ ಬಿತ್ತು. ಮೆಟ್ಟಿಲಲ್ಲಿ ನನ್ನನ್ನು ಕಂಡ ಒಬ್ಬಾಕೆಯ ಕೈ ತಾನಾಗಿ ಕೊರಳಿನ ಮಂಗಳಸೂತ್ರಕ್ಕೆ ಹೋಯಿತು.  ಮಗುವನ್ನು ಆಟಕ್ಕೆ ಕಳಿಸಿದರೆ ಬೇಗ ಮರಳಿ ಬರುತ್ತಿತ್ತು. ಬಿಲ್ಡಿಂಗಿನಲ್ಲಿ ಏನೋ ಕೂಡುತ್ತಿದೆ ಅನ್ನಿಸುತ್ತಿತ್ತು, ಮಳೆ ಬರುವ ಮೊದಲಿನ ಸೆಕೆಯ ಹಾಗೆ.

ಬಂಗಲೆಯ ಆಯಾ ಒಂದು ದಿನ ಬಾವಿಕಟ್ಟೆಯಲ್ಲಿ ಅತ್ತೆಗೆ ಗುಟ್ಟು ಬಿಟ್ಟುಕೊಟ್ಟಳು. ಗಡಿಯಾರ, ಬ್ರೋಚ್ ಸಿಕ್ಕಿತಂತೆ. ಮೇಮ್‌ಸಾಹೇಬರ ತಮ್ಮ, ಅವರಲ್ಲೇ ಇಳಿದುಕೊಂಡಿದ್ದ ಕೆಂಚು ಕೂದಲಿನವನು, ಕುಡಿತದ ಅಡ್ಡೆಯೊಂದರಲ್ಲಿ ಅವನ್ನು ಅಡವಿಟ್ಟಿದ್ದನಂತೆ. ಸಾಹೇಬರು ಫಿರ್ಯಾದು ಹಿಂತೆಗೆದುಕೊಂಡರು. ಆ ತಮ್ಮ ತನ್ನ ದೇಶಕ್ಕೆ ಹೋದ. ನಾನು ಪೇಪರಿನ ಪ್ರತಿ ಪುಟವನ್ನೂ ಹುಡುಕಿದೆ. ಕೊನೆಗೆ ಒಳಪುಟದಲ್ಲಿ, ಹಡಗುಗಳ ಸುದ್ದಿಯ ಕೆಳಗೆ ಸಿಕ್ಕಿತು: ಬಂಗಲೆಯಲ್ಲಿ ಕಾಣೆಯಾಗಿದ್ದ ವಸ್ತುಗಳು ಮನೆಯಲ್ಲೇ ದೊರೆತಿವೆ. ಯಾರ ಊರೂ ಇಲ್ಲ, ಯಾರ ಬಣ್ಣವೂ ಇಲ್ಲ. ಕದ್ದವನೇ ಇಲ್ಲ.

ಅಡುಗೆಯವನು ಹೊರಗೆ ಬಂದ. ಅಷ್ಟರಲ್ಲಿ ಬಂಗಲೆಯಲ್ಲಿ ಬೇರೆಯವನಿದ್ದ. ಗಂಡಹೆಂಡಿರು ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ ಒಂದು ಖೋಲಿ ಹಿಡಿದರು. ಅವನಿಗೆ ರೈಲ್ವೆ ಸ್ಟೇಷನ್ ಬಳಿಯ ನಮ್ಮ ಕಡೆಯವರ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕೆಲಸ ಸಿಕ್ಕಿತು. ಏಳನೆಯ ತಿಂಗಳು ದಾಟಿತ್ತು. ಎಂಟರಲ್ಲಿ ಮಾಡುವಂತಿಲ್ಲ. ಒಂಬತ್ತಕ್ಕೆ ಅತ್ತೆ ಹಟ ಹಿಡಿದು ಬಯಕೆ ಮಾಡಿದರು. ಮೈಸೂರಿನವರನ್ನೂ ಕರೆದೆವು, ಬರಲಿಲ್ಲ.

ಪೊಲೀಸರಿಂದ ಮರಳಿ ಬಂದಿದ್ದ ಸರವನ್ನು ಅತ್ತೆಯೇ ಅವಳ ಕೊರಳಿಗೆ ಹಾಕಿದರು. ಅವಳು ಬೇಡವೆನ್ನಲಿಲ್ಲ, ಆದರೆ ಸೆರಗನ್ನು ಎಳೆದು ಅದರ ಮೇಲೆ ಹೊದ್ದುಕೊಂಡಳು.

"ಸರ ಮುಚ್ಚಿ ಹೋಯ್ತಲ್ಲ ಹೆಣ್ಣೇ, ಸೆರಗು ತೆಗಿ" ಎಂದು ಅತ್ತೆ ಬಾಳೆಯೆಲೆಗೆ ಪಾಯಸ ಬಡಿಸುತ್ತಿದ್ದರು. ಮೆಟ್ಟಿಲಲ್ಲಿ ಬೂಟಿನ ಸದ್ದು ಕೇಳಿತು. ಒಂದನೆಯ ಮಹಡಿ ದಾಟಿತು. ನಮ್ಮ ಬಾಗಿಲಲ್ಲಿ ನಿಂತಿತು.

ಹವಾಲ್ದಾರ ಒಳಗೆ ಬರಲಿಲ್ಲ, ಗದರಿಸಲೂ ಇಲ್ಲ. ಪಕ್ಕದ ರಸ್ತೆಯಲ್ಲಿ ನಿನ್ನೆ ಕಳವಾಗಿದೆ, ಆ ಅಕ್ಕಿ ಡಬ್ಬದ ಮದ್ರಾಸಿಯನ್ನು ಸ್ವಲ್ಪ ವಿಚಾರಿಸಬೇಕು ಎಂದ. "ವೋ ಚಾವಲ್‌ವಾಲಾ ಮದ್ರಾಸಿ ಇಧರೀಚ್ ಹೈ ನಾ? ಥೋಡಾ ಪೂಛ್‌ತಾಛ್ ಹೈ."

ನಾನು ಅಡ್ಡ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಅವನು ಟೊಪ್ಪಿ ಸರಿಮಾಡಿಕೊಂಡು ನನ್ನ ಮುಖ ನೋಡಿದ, ಪೇಪರಿನಲ್ಲಿ ಬಂದವಳೆಂದು ಗುರುತು ಹಿಡಿದ. "ಆಪ್ ಭೀ ಥೀ ನಾ ಪೇಪರ್ ಮೇಂ, ಬಾಯಿ?" ಎಂದ, ಮೆಲ್ಲಗೆ.

ಒಳಗೆ ಊಟಕ್ಕೆ ಕೂತಿದ್ದ ಅಡುಗೆಯವನು ಆಗಲೇ ಎದ್ದಿದ್ದ. ಯಾರೂ ಹೇಳದೆ ಮೊಳೆಯಲ್ಲಿದ್ದ ಶರ್ಟು ತೆಗೆದು ಹಾಕಿಕೊಂಡ. ಗುಂಡಿಗಳನ್ನು ಒಂದೊಂದಾಗಿ, ಕೆಳಗಿನವರೆಗೂ ಹಾಕಿಕೊಂಡ. "ಬತ್ತೆ" ಎಂದು ಹೆಂಡತಿಗೆ ಹೇಳಿ ಮೆಟ್ಟಿಲಿಳಿದ.

ಅವಳು ಸೆರಗಿನಡಿಗೆ ಕೈ ಹಾಕಿ ಕೊಂಡಿ ಬಿಡಿಸಿದಳು. ಸರವನ್ನು ನನ್ನ ಅಂಗೈಯಲ್ಲಿಟ್ಟಳು. ಅದು ಅವಳ ಮೈಯ ಬಿಸಿಗೆ ಬೆಚ್ಚಗಿತ್ತು.

"ಬೇಗ ಒಳಗೆ ಇಡಿ ಅಮ್ಮ" ಎಂದಳು. "ಅಕ್ಕಿಯಲ್ಲಿ ಬೇಡ."