ಮೊದಲ ಪ್ರಶ್ನೆ ಲೆಂಪಿಯದು

ಟುರ್ಕುವಿನ ಗ್ರೋನ್‌ಫೆಲ್ಟ್ ಸಂಶೋಧನಾ ಗ್ರಂಥಾಲಯದಲ್ಲಿ ಗುರುವಾರದ ಉಪನ್ಯಾಸ ಮುಗಿದು "ಯಾರಿಗಾದರೂ ಪ್ರಶ್ನೆ ಇದೆಯೆ?" ಎಂದು ಕೇಳಿದ ಕೂಡಲೇ ಸಭೆಯವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳಲು ಶುರುಮಾಡುತ್ತಾರೆ. ಪ್ರಶ್ನೆ ಇಲ್ಲವೆಂದಲ್ಲ, ಹೊಟ್ಟೆ ತುಂಬ ಇರುತ್ತವೆ. ಆದರೆ ನಾಲ್ಕು ಜನರ ಎದುರು ಎದ್ದು ಎಲ್ಲರಿಗಿಂತ ಮೊದಲು ಬಾಯಿ ತೆರೆಯುವುದೆಂದರೆ ನಮ್ಮ ಊರಿನವರಿಗೆ ಪ್ರಾಣಸಂಕಟ. ಅದಕ್ಕಿಂತ ಜನವರಿಯ ನದಿಗೆ ಹಾರು ಎಂದರೆ ಹಾರಿಯಾರು. ಸೌನಾ ಎಂಬ ಬಿಸಿಯಾವಿಯ ಕೋಣೆಯಲ್ಲಿ ಮೈ ಕಾಸಿಕೊಂಡು ನಗುನಗುತ್ತಲೇ ಹಾರುತ್ತಾರೆ ಕೂಡ.

ಇಂಥ ಹೊತ್ತಿನಲ್ಲಿ ಊರಿನ ಮಾನ ಉಳಿಸುತ್ತಿದ್ದವಳು ಲೆಂಪಿ ಹೌಕಾಲಾ. ಎಪ್ಪತ್ತು ದಾಟಿದ, ಕುಳ್ಳಗಿನ, ಮಾತಿನಮಲ್ಲಿ. ಚಳಿಗಾಲವಿರಲಿ ಬೇಸಿಗೆಯಿರಲಿ ತಲೆಯ ಮೇಲೆ ಕೆಂಪು ಉಣ್ಣೆಯ ಟೋಪಿ. ಹುಡುಗಿಯಾಗಿದ್ದಾಗಲೇ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿದಳು, ಅದು ಮುಚ್ಚಿದ ಮೇಲೆ ಆಸ್ಪತ್ರೆಯ ಟೆಲಿಫೋನ್ ಸ್ವಿಚ್‌ಬೋರ್ಡಿನ ಮುಂದೆ ಕೂತು ನಿವೃತ್ತಳಾದಳು. ಜೀವಮಾನವಿಡೀ "ಯಾರು ಬೇಕಿತ್ತು?" ಎಂದು ಕೇಳಿದ್ದು ಅವಳು, ಆಮೇಲಿನ ಮಾತೆಲ್ಲ ಬೇರೆಯವರದು. ಕದ್ದು ಕೇಳುವಂತಿರಲಿಲ್ಲ.

"ಕಥೆ ಶುರುವಾಗೋ ಹೊತ್ತಿಗೆ ಸರಿಯಾಗಿ ಎದ್ದು ಹೋಗೋ ಕೆಲಸ ಕಣ್ರೀ ಅದು," ಎನ್ನುತ್ತಿದ್ದಳು. "ಅದಕ್ಕೇ ಈಗ ಉತ್ತರ ಬರೋವರೆಗೂ ನಾನು ಕೂರೋದೇ ಇಲ್ಲ."

ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ ಅದಕ್ಕೂ ಉತ್ತರವಿತ್ತು. "ಅವನು ಕೇಳಲಿಲ್ಲ. ನಾನೇ ಕೇಳಬಹುದಿತ್ತು. ಆಗಿನ್ನೂ ರೂಢಿ ಇರಲಿಲ್ಲ."

ರೂಢಿಯಾದದ್ದು ಗ್ರಂಥಾಲಯದಲ್ಲಿ. ಒಮ್ಮೆ ಹಳೆಯ ಸಮುದ್ರ ನಕಾಶೆಗಳ ಬಗ್ಗೆ ಉಪನ್ಯಾಸ. ಮುಗಿದ ಮೇಲೆ ಯಾರೂ ಉಸಿರೆತ್ತಲಿಲ್ಲ. ಸ್ವೀಡನ್ನಿನಿಂದ ಬಂದಿದ್ದ ಪ್ರೊಫೆಸರು ಏನು ಮಾಡುವುದೆಂದು ತಿಳಿಯದೆ ಹೂಜಿಯಲ್ಲಿದ್ದ ನೀರನ್ನೆಲ್ಲ ಕುಡಿದು ಮುಗಿಸಿದರು. ನೋಡಲಾರದೆ ಲೆಂಪಿ ಎದ್ದಳು. "ದಾರಿ ತಪ್ಪಿ ತಿಂಗಳುಗಟ್ಟಲೆ ತಡವಾಗಿ ಬಂದ ಕ್ಯಾಪ್ಟನ್ನು ಹೆಂಡ್ತಿಗೆ ಏನು ನೆಪ ಹೇಳ್ತಿದ್ದ?" ಸಭೆ ನಕ್ಕಿತು, ಪ್ರೊಫೆಸರೂ ನಕ್ಕರು, ಅಲ್ಲಿಂದ ಕೈಗಳು ಒಂದೊಂದಾಗಿ ಮೇಲೆದ್ದವು. ಅಂದಿನಿಂದ ಮೊದಲ ಪ್ರಶ್ನೆ ಲೆಂಪಿಯದೆಂದು ಯಾರೂ ಹೇಳದೆಯೇ ತೀರ್ಮಾನವಾಯಿತು.

ಅವಳ ಸಾಲಿನಲ್ಲೇ, ನಡುವೆ ಒಂದು ಕುರ್ಚಿ ಬಿಟ್ಟು, ಅಹ್ತಿ ಕೂರುತ್ತಿದ್ದ. ನಡುವಿನ ಕುರ್ಚಿ ಅವನ ಕ್ಯಾಪಿಗೆ. ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ತಲೆಯ ಮೇಲಿದ್ದ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಫಲಕವನ್ನು ವ್ರತದಂತೆ ಪಾಲಿಸಿ, ನಿವೃತ್ತನಾದ ಮೇಲೂ ಮುರಿಯದವನು. ವರ್ಷಗಟ್ಟಲೆ ಅವನಿಂದ ಲೆಂಪಿಗೆ ದಕ್ಕಿದ್ದು "ಹೂಂ" ಒಂದೇ.

ಈ ಶರತ್ಕಾಲದಲ್ಲಿ ಕಾರ್ಯಕ್ರಮಗಳ ಉಸ್ತುವಾರಿಗೆ ವೀವಿ ಎಂಬ ಹೊಸ ಹುಡುಗಿ ಬಂದಳು. ಚುರುಕಿನವಳು, ಒಳ್ಳೆಯವಳೇ. ಕಾಫಿಯ ಹೊತ್ತಿಗೆ ಲೆಂಪಿಯ ತಟ್ಟೆಗೆ ತಾನೇ ಏಲಕ್ಕಿ ಬನ್ನು ಹಾಕಿ ಪಕ್ಕದಲ್ಲಿ ನಿಂತಳು.

"ಲೆಂಪಿ, ಬೇಜಾರು ಮಾಡ್ಕೋಬೇಡಿ. ಯಾವಾಗ್ಲೂ ಅದೇ ಹೆಂಗಸು ಅಂತ ಕೆಲವರು ಹೇಳ್ತಿದಾರೆ. ಹೊಸಬರಿಗೂ ಅವಕಾಶ ಸಿಗಲಿ ಅಂತ..."

"ಅವಕಾಶಾನ ನಾನೇನು ಬ್ಯಾಗಲ್ಲಿ ಹಾಕ್ಕೊಂಡು ಹೋಗಿದೀನಾ?"

"ಅಯ್ಯೋ, ಹಾಗಲ್ಲ. ಮೊದಲ ಪ್ರಶ್ನೆ ಒಂದನ್ನ ಬೇರೆಯವರು ಕೇಳಲಿ. ಆಮೇಲೆ ನೀವು ಎಷ್ಟು ಬೇಕಾದ್ರೂ ಕೇಳಿ. ಮಾತು ಕೊಡ್ತೀರಾ?"

ಲೆಂಪಿ ಮಾತು ಕೊಟ್ಟಳು, ಬನ್ನನ್ನು ಮಾತ್ರ ಅಲ್ಲೇ ಬಿಟ್ಟಳು. ಅವಳಿಗೆ ನಿಜಕ್ಕೂ ನೋವಾಗಿತ್ತು. ಮನೆಯಲ್ಲಿ ಉತ್ತರ ಹೇಳುವುದು ರೇಡಿಯೊ ಒಂದೇ, ಅದೂ ಬೇರೆಯವರು ಕೇಳಿದ್ದಕ್ಕೆ. ವಾರಕ್ಕೊಮ್ಮೆ ಒಂದು ಮನುಷ್ಯಜೀವ ತನ್ನ ಮುಖ ನೋಡಿ ಉತ್ತರ ಕೊಡುತ್ತಿತ್ತು, ಈಗ ಅದಕ್ಕೂ ಕಲ್ಲು ಬಿತ್ತು ಎಂದುಕೊಂಡು ಮನೆಗೆ ನಡೆದಳು.

ಮುಂದಿನ ಗುರುವಾರ ಯೂಸೊ ಎಂಬ ಎಳೆಯ ಸಂಶೋಧಕನ ಸರದಿ, ಅವನ ಮೊದಲ ಸಾರ್ವಜನಿಕ ಉಪನ್ಯಾಸ. ಹಿಂದಿನ ಕಾಲದಲ್ಲಿ ಪಾದ್ರಿಯ ಪ್ರವಚನ ಕೇಳುತ್ತ ಗೊರಕೆ ಹೊಡೆಯುವವರನ್ನು ತಿವಿದು ಎಬ್ಬಿಸಲು ಚರ್ಚುಗಳು ಉದ್ದ ಕೋಲಿನ ಒಬ್ಬ ಆಳನ್ನು ಇಟ್ಟುಕೊಳ್ಳುತ್ತಿದ್ದವು. ವಿಷಯ ಆ ಆಳಿನದು. ಹುಡುಗ ಸೊಗಸಾಗಿಯೇ ಮಾತನಾಡಿದ.

"ಪ್ರಶ್ನೆಗಳಿದ್ದರೆ ಕೇಳಬಹುದು," ಎಂದಳು ವೀವಿ.

ಬೂಟುಗಳ ಪರಿಶೀಲನೆ ಶುರುವಾಯಿತು.

ಯೂಸೊ ಒಂದು ಲೋಟ ನೀರು ಕುಡಿದ. ವೀವಿ ಇನ್ನೊಮ್ಮೆ ಕೇಳಿದಳು. ಯೂಸೊ ಇನ್ನೊಂದು ಲೋಟ ಕುಡಿದ. ಸಭೆಯ ಕಣ್ಣೆಲ್ಲ ಕೆಂಪು ಟೋಪಿಯ ಕಡೆಗೆ ಹೊರಳಿತು, ಕೊನೆಗೆ ವೀವಿಯ ಕಣ್ಣೂ. ಲೆಂಪಿ ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡು ಸೂರು ನೋಡಿದಳು. ಒಂದು ಗಳಿಗೆ ಅವಳಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹುಡುಗನ ಕಿವಿ ಕೆಂಪೇರುವುದನ್ನು ಕಂಡಾಗ ಖುಷಿ ಇಳಿದುಹೋಯಿತು. ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ಕೊಟ್ಟ ಮಾತು ಅಡ್ಡ ಕೂತಿತ್ತು. ಮಾತು ಕೊಟ್ಟು ತಪ್ಪಿ ಅವಳಿಗೆ ಗೊತ್ತಿರಲಿಲ್ಲ.

"ಇರಲಿ, ಪರವಾಗಿಲ್ಲ," ಎಂದು ಯೂಸೊ ಕಾಗದಗಳನ್ನು ಜೋಡಿಸತೊಡಗಿದ.

ಆಗ ಕುರ್ಚಿಯೊಂದು ಕಿರುಗುಟ್ಟಿತು. ಅಹ್ತಿ ಎದ್ದು ನಿಂತಿದ್ದ. ಪಾಪ, ಬಾತ್‌ರೂಮಿಗೆ ಹೊರಟನೆಂದು ಪಕ್ಕದವರು ಕಾಲು ಮಡಿಸಿ ದಾರಿ ಬಿಟ್ಟರು. ಅವನು ಹೋಗಲಿಲ್ಲ.

"ನಂದೊಂದು ಪ್ರಶ್ನೆ." ಎಣ್ಣೆ ಕಾಣದ ಬಾಗಿಲಿನ ದನಿ.

"ಕೇಳಿ, ಕೇಳಿ!" ಎಂದ ಯೂಸೊ, ಹೋದ ಜೀವ ಬಂದವನಂತೆ.

"ನಿಮಗಲ್ಲ. ಈ ಲೆಂಪಿ ಏನು ಕೇಳ್ಬೇಕು ಅಂತಿದ್ಲು? ಅದು ನನ್ನ ಪ್ರಶ್ನೆ."

ಸಭೆ ಗೊಳ್ಳೆಂದಿತು. ಅಹ್ತಿ ನಗಲಿಲ್ಲ. ಇಷ್ಟು ವರ್ಷದ ಮಾತೆಲ್ಲ ಒಟ್ಟಿಗೆ ಬಂತೋ ಏನೋ, ಮುಂದುವರಿಸಿದ. "ಉಪನ್ಯಾಸ ಬೇಕಾದ್ರೆ ಮನೇಲೂ ಓದ್ಕೋಬಹುದು. ನಾನು ಬರೋದು ಇವಳು ಏನು ಕೇಳ್ತಾಳೆ ಅಂತ ಕೇಳೋಕೆ."

ಇಷ್ಟು ಹೇಳಿ, ಗಾಬರಿಯಲ್ಲಿ ಹಿಂದೆಮುಂದೆ ನೋಡದೆ, ತನ್ನ ಕುರ್ಚಿ ಬಿಟ್ಟು ನಡುವಿನ ಕುರ್ಚಿಯ ಮೇಲೆ ಕುಕ್ಕರಿಸಿದ.

ಲೆಂಪಿ ಮೆಲ್ಲಗೆ ಎದ್ದಳು. ಮೊದಲ ಪ್ರಶ್ನೆ ಬೇರೆಯವರು ಕೇಳಿಯಾಗಿತ್ತು, ಕೊಟ್ಟ ಮಾತು ಉಳಿದಿತ್ತು. ಅವಳ ಮುಖ ಟೋಪಿಗಿಂತ ಕೆಂಪಾಗಿತ್ತು.

"ಎಲ್ಲರನ್ನೂ ಎಬ್ಬಿಸ್ತಿದ್ನಲ್ಲ, ಆ ಕೋಲಿನವನು," ಎಂದಳು. "ಅವನಿಗೇ ನಿದ್ದೆ ಹತ್ತಿದ್ರೆ ಯಾರು ಎಬ್ಬಿಸ್ತಿದ್ರು?"

ಯೂಸೊ ನಕ್ಕ, ತಲೆ ಕೆರೆದುಕೊಂಡ. ಉತ್ತರ ಬರುವವರೆಗೆ ಲೆಂಪಿ ನಿಂತೇ ಇದ್ದಳು.

"ಎಲ್ಲೂ ಬರೆದಿಟ್ಟಿಲ್ಲ," ಎಂದ ಅವನು. "ಪಕ್ಕದಲ್ಲಿ ಕೂತೋರು ಎಬ್ಬಿಸಿರಬೇಕು."

ಆಗಲೇ ಹಿಂದಿನ ಸಾಲುಗಳಲ್ಲಿ ಕೈಗಳು ಏಳುತ್ತಿದ್ದವು. ಲೆಂಪಿ ಕೂತಳು, ಪಕ್ಕಕ್ಕೆ ಬಾಗಿ ಪಿಸುಗುಟ್ಟಿದಳು.

"ಕ್ಯಾಪ್ ಮೇಲೆ ಕೂತಿದೀಯಲ್ಲೋ."

"ಹೂಂ."

"ಆ ಕಡೆ ಸರಿಬಾರ್ದಾ ಮತ್ತೆ?"

ಅಹ್ತಿ ಅಡಿಯಿಂದ ಕ್ಯಾಪನ್ನು ಎಳೆದು ತೊಡೆಯ ಮೇಲಿಟ್ಟುಕೊಂಡ.

"ಇಲ್ಲೇ ಚೆನ್ನಾಗಿದೆ," ಎಂದ.