ಅಕ್ಕನಿಗೆ ಒಲಿದ ಮಾತ್ರೆ

ನಮ್ಮವ್ವನ ಪೆಟ್ಟಿಗೆಯಲ್ಲಿ ಕಪ್ಪು ಸೀರೆಗೆ ಜಾಗವಿರಲಿಲ್ಲ. ತಲೆಯಿಂದ, ಮೊಣಕೈಯಿಂದ ಉದುರುವ ಬಿಳಿ ಹೊಟ್ಟು ಕಪ್ಪಿನ ಮೇಲೆ ನಕ್ಷತ್ರದಂತೆ ಮಿನುಗುತ್ತಿತ್ತು. ನಕ್ಷತ್ರವೆಂಬುದು ಈಗಿನ ನನ್ನ ಅಲಂಕಾರ. ಆಗ ಚಳ್ಳಕೆರೆಯ ನಮ್ಮ ಓಣಿಯ ಹೆಂಗಸರು ಅದನ್ನು ಕಂಡರೆ ನಾಲ್ಕು ಮಾರು ಸರಿದು ಕೂರುತ್ತಿದ್ದರು. ಇದು ಸೋರಿಯಾಸಿಸ್ ಎಂಬ ಚರ್ಮರೋಗ, ಅಂಟುವುದಿಲ್ಲ ಎಂದು ನಾವು ಹೇಳಿದರೂ, ಇಷ್ಟು ಕಷ್ಟದ ಹೆಸರಿನ ರೋಗ ಅಂಟದೆ ಬಿಟ್ಟೀತೇ ಎಂಬುದು ಅವರ ತರ್ಕ.

ಮೊಳಕಾಲ್ಮೂರಿನಲ್ಲಿದ್ದ ಅವ್ವನ ತಮ್ಮ ತಿಪ್ಪೇಸ್ವಾಮಿ ಮಾವನಿಗೂ ಇದೇ ರೋಗ. ಮಾವ ರೇಷ್ಮೆ ಸೀರೆ ನೇಯುವವನು. ಅಂಗೈ ಒರಟಾಗಿ ಬಿರಿದು, ಎಳೆಗಳು ಬೆರಳಿಗೆ ಸಿಕ್ಕಿ ಹರಿಯತೊಡಗಿದ ಮೇಲೆ ಅವನ ಮಗ್ಗ ನಿಂತೇಹೋಯಿತು. ಅವ್ವ ಅವನನ್ನು ಚಳ್ಳಕೆರೆಗೆ ಕರೆಸಿ ತನ್ನ ಡಾಕ್ಟರಮ್ಮನಿಗೆ ತೋರಿಸಿದಳು. ಇಬ್ಬರಿಗೂ ಒಂದೇ ಮಾತ್ರೆ, ವಾರಕ್ಕೊಮ್ಮೆ ಮಾತ್ರ.

ಕೆಲವು ತಿಂಗಳಲ್ಲಿ ಅವ್ವನ ಮೊಣಕೈ ಬೆಳಗಿದ ಹಿತ್ತಾಳೆ ಚೊಂಬಿನಂತಾಯಿತು. ಮಾವನ ಅಂಗೈ ಇದ್ದಂತೆಯೇ ಇತ್ತು.

"ಸಣ್ಣೋರಿದ್ದಾಗ ಅಪ್ಪ ನಿಂಗೇ ಬೆಲ್ಲ ಜಾಸ್ತಿ ಕೊಡ್ತಿದ್ದ. ಈಗ ಡಾಕ್ಟ್ರಮ್ಮನೂ ನಿಂಗೇ ಒಳ್ಳೆ ಮಾತ್ರೆ ಕೊಟ್ಟಾಳೆ ನೋಡಕ್ಕಾ."

"ಎರಡೂ ಒಂದೇ ಅಂಗಡೀವು ಕಣೋ," ಎಂದಳು ಅವ್ವ.

ಮಾವ ನಂಬಲಿಲ್ಲ. ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಾಗ, ತನ್ನ ಮಾತ್ರೆಯ ಜೊತೆಗೆ ಅಕ್ಕನ ಮಾತ್ರೆಗಳನ್ನೂ ಕದ್ದು, ದಿನಕ್ಕೊಂದರಂತೆ ನುಂಗಿದ. ಬಾಯೆಲ್ಲ ಹುಣ್ಣಾಯಿತು, ಜ್ವರ ಏರಿತು, ನೀರು ಇಳಿಯದಾಯಿತು. ಆಸ್ಪತ್ರೆಗೆ ಸೇರಿಸಿದೆವು. ಮಾವನ ಬಾಯಿ ಮುಚ್ಚಿಸುವ ಔಷಧಿಯನ್ನು ನಾವು ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದರೂ, ಸಿಕ್ಕಾಗ ಸಂತೋಷವಾಗಲಿಲ್ಲ. ಅವ್ವ ಮಂಚದ ಬಳಿ ಕೂತು ಗಂಜಿ ಹನಿಸುತ್ತಾ, ಬೈಯಲೋ ಅಳಲೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ನಾಲಿಗೆ ಹೊರಳುವಂತಾದಾಗ ಮಾವನ ಮೊದಲ ಮಾತು, "ಒಂದೇ ಹೊಟ್ಟೇಲಿ ಹುಟ್ಟೀವಲ್ರೀ ಡಾಕ್ಟ್ರಮ್ಮ!"

"ಹುಟ್ಟಿದೀರಿ. ಆದ್ರೆ ನಿಮ್ಮಕ್ಕನ ಮೂಗು ನಿಮಗೆ ಬಂದಿದೆಯಾ? ಅಪ್ಪ-ಅವ್ವನಿಂದ ಬಂದದ್ದು ಒಬ್ಬೊಬ್ಬರಲ್ಲಿ ಒಂದೊಂದು ಥರ ಕೂಡುತ್ತೆ. ಒಬ್ಬರ ಮೈಗೆ ಹಿಡಿದ ಔಷಧಿ ಇನ್ನೊಬ್ಬರಿಗೆ ಹಿಡೀದಿರೋಕೆ ಅದೂ ಒಂದು ಕಾರಣ. ಯಾರಿಗೆ ಯಾವುದು ಅಂತ ಮೊದಲೇ ಹೇಳೋ ಪರೀಕ್ಷೆ ನನ್ನ ಹತ್ರ ಇಲ್ಲ. ಕೊಟ್ಟು ನೋಡ್ಬೇಕು. ಕದ್ದು ತಿನ್ಬಾರ್ದು!"

ಅವ್ವ ತನ್ನ ಮೂಗು ಮುಟ್ಟಿಕೊಂಡು ಹೆಮ್ಮೆಯಿಂದ ನಕ್ಕಳು.

ಓದುಗ ಮಿತ್ರರೇ, ರವಿಕೆಗೆ ಅಳತೆ ಕೊಡುವಾಗ ಒಡಹುಟ್ಟಿದವರಾದರೂ ಬೇರೆ ಬೇರೆ ನಿಲ್ಲುವ ನಾವು, ಮಾತ್ರೆಗೆ ಮಾತ್ರ ಎಲ್ಲರೂ ಒಂದೇ ಎಂದುಕೊಳ್ಳುವುದೇಕೋ! ಹಿರಿಯರು ಹೊಲವನ್ನು ಹಂಚಿದಾಗ ಅಳೆದು ಜಗಳವಾಡಬಹುದು. ರಕ್ತದಲ್ಲಿ ಹಂಚಿದ್ದನ್ನು ಯಾವ ಪಂಚಾಯ್ತಿಯಲ್ಲಿ ಕೇಳುವುದು?

ಆ ಮಾತ್ರೆ ನಿಲ್ಲಿಸಿ, ಡಾಕ್ಟರಮ್ಮ ಮಾವನನ್ನು ದಾವಣಗೆರೆಗೆ ಬೆಳಕಿನ ಚಿಕಿತ್ಸೆಗೆ ಕಳಿಸಿದರು. ವಿಶೇಷ ದೀಪಗಳ ಮುಂದೆ ಅಂಗೈ ಒಡ್ಡಿ, ಆಮೇಲೆ ಬೆಣ್ಣೆ ದೋಸೆ ತಿಂದು ಬರುವುದು ಅವನ ವ್ರತವಾಯಿತು. ನಿಧಾನವಾಗಿ ಅಂಗೈ ನುಣುಪಾಯಿತು, ಮಗ್ಗ ಮತ್ತೆ ಸದ್ದು ಮಾಡಿತು. ಈಗ ಹೊಟ್ಟೆಕಿಚ್ಚಿನ ಸರದಿ ಅವ್ವನದು. "ನಂಗೂ ಬೆಳಕು ಬರೆದುಕೊಡ್ರಿ," ಎಂದು ಕೇಳಿ ಡಾಕ್ಟರಮ್ಮನಿಂದ ಬೈಸಿಕೊಂಡಳು.

ಆಮೇಲೊಂದು ನಾಮಕರಣದಲ್ಲಿ, ಬಿ.ಜಿ. ಕೆರೆಯಿಂದ ಬಂದಿದ್ದ ನಮ್ಮ ಸಣ್ಣತ್ತೆ ಮುಂಗೈ ಕೆರೆದುಕೊಳ್ಳುವುದು ಅಕ್ಕತಮ್ಮರಿಬ್ಬರ ಕಣ್ಣಿಗೂ ಬಿತ್ತು.

"ನನ್ನ ಮಾತ್ರೆ..." ಎಂದಳು ಅವ್ವ.

"ದಾವಣಗೆರೆಗೆ..." ಎಂದ ಮಾವ.

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ, "ಡಾಕ್ಟ್ರಮ್ಮನಿಗೆ ತೋರ್ಸು," ಎಂದರು.

ಸಣ್ಣತ್ತೆ ಕೆರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ದಿಟ್ಟಿಸಿದಳು. "ಇರುವೆ ಕಚ್ಚೈತೆ ಕಣ್ರಪ್ಪಾ!"