ಗೋಡೆಯ ಡಬ್ಬಿ ಯಾರದ್ದು?

ನನ್ನ ಅಕ್ಕನನ್ನು ಲಾರಿ ಡ್ರೈವರ್‌ಗಳು ಕರೆಯುವುದು ಲೈನಕ್ಕ ಎಂದು. ದಾರಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದೊಯ್ಯುವ ಲಾರಿಗಳ ಕಂಪನಿಯಲ್ಲಿ ಅವಳ ಕೆಲಸ. ಗಾಡಿ ಕೈಕೊಟ್ಟವರು ಫೋನ್ ಮಾಡಿದರೆ, ಎಲ್ಲಿದ್ದೀರಿ, ಪಕ್ಕದಲ್ಲಿ ಏನು ಕಾಣುತ್ತಿದೆ ಎಂದು ಕೇಳಿ ಹತ್ತಿರದ ಲಾರಿಯನ್ನು ಅಟ್ಟುತ್ತಾಳೆ. ಒಂಟಿಯಾಗಿ ನಿಂತವರು ಹೆದರಿದ್ದರೆ ಅಡುಗೆ, ಮಕ್ಕಳು, ಸೊಂಟನೋವು ಎಂದು ಮಾತಿಗೆಳೆಯುತ್ತಾಳೆ. "ಅದು ನಮ್ಮ ಏರಿಯಾ ಅಲ್ಲ" ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿಲ್ಲ. ಏರಿಯಾ ಬೇರೆಯಾದರೆ ಆ ಏರಿಯಾದ ಡ್ರೈವರನ್ನು ಹುಡುಕಿ, ನಾಲ್ಕು ಬೈದು ಕಳಿಸುತ್ತಾಳೆ.

ಇದನ್ನೆಲ್ಲ ಅವಳು ಮಾಡುತ್ತಿದ್ದುದು ಮನೆಯಿಂದಲೇ. ಪಾರ್ಶ್ವವಾಯು ಹೊಡೆದ ಮೇಲೆ ಭಾವನಿಗೆ ಮಾತು ನಿಂತಿದೆ, ಎಡಗೈ ಒಂದು ಬಿಟ್ಟರೆ ಬೇರೇನೂ ಮಾತು ಕೇಳುವುದಿಲ್ಲ. ಕುಡಿದ ನೀರು ನೆತ್ತಿಗೇರಿದರೆ ಎತ್ತಿ ಕೂರಿಸಲು ಪಕ್ಕದಲ್ಲೇ ಒಬ್ಬರು ಇರಬೇಕು. ಹಾಗಾಗಿ ಮಂಚಕ್ಕೆ ಒತ್ತಿಕೊಂಡೇ ಅವಳ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಕಿವಿಗೆ ಹೆಡ್‌ಫೋನ್. ಇದಕ್ಕೆ ಮಾಲೀಕರು ಹಾಕಿದ್ದ ಷರತ್ತು ಒಂದೇ: ಬ್ರಾಡ್‌ಬ್ಯಾಂಡ್ ಕೈಕೊಡಬಾರದು.

ಕೈಕೊಟ್ಟಿತು. ಒಂದು ಸೋಮವಾರ ಲೈನ್ ಬರುವುದು, ಹೋಗುವುದು ಶುರುವಾಯಿತು.

ನಮ್ಮಿಂದ ದುಡ್ಡು ತೆಗೆದುಕೊಳ್ಳುವುದು ಒಂದು ಕಂಪನಿ, ಬೀದಿಯಲ್ಲಿ ತಂತಿ ಎಳೆದಿರುವುದು ಇನ್ನೊಂದು ಕಂಪನಿ. ಬಿಲ್ಲಿನವರು, ತಂತಿಯವರು ಎಂದಷ್ಟೇ ಬರೆಯುತ್ತೇನೆ. ನಾನು ಮನಸ್ಸಿನಲ್ಲಿ ಇಟ್ಟಿರುವ ಹೆಸರುಗಳನ್ನು ಅಚ್ಚು ಹಾಕಲು ಬರುವುದಿಲ್ಲ.

ಬಿಲ್ಲಿನವರು, "ನಮ್ಮ ಕಡೆ ಎಲ್ಲಾ ಸರಿ ಇದೆ ಮೇಡಂ, ತಂತಿ ನಮ್ದಲ್ಲ" ಅಂದರು. ಅಕ್ಕ ತಂತಿಯವರಿಗೆ ಫೋನ್ ಮಾಡಿದಳು.

"ನೀವು ನಮ್ಮ ಗ್ರಾಹಕರಲ್ಲ ಮೇಡಂ. ನಿಮ್ಮ ಕಂಪನಿಯವರೇ ನಮಗೆ ಹೇಳ್ಬೇಕು. ನೀವು ಹೇಳಿದ್ರೆ ನಾವು ಕೇಳಿಸ್ಕೊಳ್ಳೋ ಹಾಗಿಲ್ಲ."

ಪೂರ್ತಿ ಕೇಳಿಸಿಕೊಂಡ ಮೇಲೆ ಕೊಟ್ಟ ಉತ್ತರ ಇದು! ನನಗೆ ಮೈಯೆಲ್ಲ ಉರಿಯಿತು.

ಅಂತೂ ಇಂತೂ ತಂತಿಯವರ ಮನುಷ್ಯ ಬಂದ. ನಮ್ಮ ಹೊರಗೋಡೆಯ ಮೇಲೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಇದೆ. ಬೀದಿಯ ತಂತಿಯೂ ಮನೆಯೊಳಗಿನ ತಂತಿಯೂ ಕೂಡುವುದು ಅದರಲ್ಲೇ. ಅವನು ಮೀಟರ್ ಹಿಡಿದು ನೋಡಿ, "ಡಬ್ಬಿ ತನಕ ಚೆನ್ನಾಗಿದೆ, ಒಳಗಿಂದು ಅವರದ್ದು" ಎಂದು ಹೋದ. ಮಾರನೆಯ ದಿನ ಬಿಲ್ಲಿನವರ ಮನುಷ್ಯ ಬಂದು, ಡಬ್ಬಿಯಿಂದ ಈಚೆಗೆ ಎಲ್ಲವೂ ಚೆನ್ನಾಗಿದೆ ಎಂದ.

"ಹಾಗಾದ್ರೆ ಡಬ್ಬಿ ಯಾರದ್ದು?" ಅಕ್ಕ ಕೇಳಿದಳು.

"ಅದಕ್ಕೆ ಸೀಲ್ ಹಾಕಿದೆ ಮೇಡಂ. ತೆಗೀಬೇಕು ಅಂದ್ರೆ ಎರಡೂ ಕಡೆಯವರು ಎದುರಿಗಿರ್ಬೇಕು."

"ಸರಿ, ಇಬ್ಬರೂ ಬನ್ನಿ."

"ಇಬ್ಬರನ್ನೂ ಒಟ್ಟಿಗೆ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ."

ಅವನ ಕೊರಳಪಟ್ಟಿ ಹಿಡಿಯಲು ಹೊರಟಿದ್ದೆ. ಅಕ್ಕ ಅಡ್ಡ ಬಂದಳು. "ಅವನೇನ್ ಮಾಡ್ತಾನೆ ಪಾಪ, ಹೇಳ್ಕೊಟ್ಟಿದ್ದು ಹೇಳ್ತಾನೆ. ಬಿಡು." ಅವಳ ಈ ಒಳ್ಳೆಯತನವೂ ನನಗೆ ಆ ದಿನ ಸಿಟ್ಟು ತರಿಸಿತು.

ಗುರುವಾರ ಮಾಲೀಕರ ಫೋನ್ ಬಂತು. "ನೋಡಮ್ಮ, ನಂಗೂ ಬೇಜಾರೇ. ಸೋಮವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ನೀನು ಆಫೀಸಿಗೇ ಬಂದು ಕೂತ್ಕೋಬೇಕಾಗತ್ತೆ." ಅಕ್ಕ ಭಾವನ ಕಡೆ ನೋಡಿದಳು. ಭಾವ ಗೋಡೆ ಕಡೆ ಮುಖ ತಿರುಗಿಸಿದರು. ಅವರಿಗೆ ಎಲ್ಲ ಅರ್ಥವಾಗುತ್ತದೆ.

ಶುಕ್ರವಾರ, ಸೇತುವೆ ಮೇಲೆ ಕಾರು ನಿಂತುಹೋದ ಹುಡುಗಿಯೊಬ್ಬಳು ಅಳುತ್ತಾ ಮಾತಾಡುತ್ತಿದ್ದಾಗಲೇ ಲೈನ್ ಹೋಯಿತು. ಮೊಬೈಲ್ ಎತ್ತಿಕೊಂಡರೆ, ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಕಿಟಕಿ ಹತ್ತಿರ ಮಾತ್ರ, ಅದೂ ಅದರ ಮರ್ಜಿ. ಅಕ್ಕ ಹೆಡ್‌ಫೋನ್ ಕಿತ್ತಿಟ್ಟು, ತರಕಾರಿ ಚಾಕು ತೆಗೆದುಕೊಂಡು ಹೊರಗೆ ಹೋದಳು. ಸೀಲ್ ಕತ್ತರಿಸಿದಳು. ಒಳಗೆ ತಾಮ್ರದ ತುದಿ ಕಿಲುಬು ಹಿಡಿದು ಹಸಿರಾಗಿತ್ತು. ಕೆರೆದು, ಸ್ಕ್ರೂ ಬಿಗಿದಳು. ಲೈನ್ ಬಂತು! ಆ ಹುಡುಗಿಗೂ ಲಾರಿ ಹೋಯಿತು. ಎರಡು ದಿನ ಲೈನ್ ಕಣ್ಣು ಮಿಟುಕಿಸಲಿಲ್ಲ, ಅಕ್ಕ ಪಾತ್ರೆ ತೊಳೆಯುವಾಗ ಹಾಡುತ್ತಿದ್ದಳು.

ಸೋಮವಾರ ಬೆಳಗ್ಗೆ ತಂತಿಯವರ ಮನುಷ್ಯ ದೂರು ಮುಗಿಸಲು ಬಂದ, ಸೀಲ್ ನೋಡಿದ, ಫೋಟೋ ತೆಗೆದ, ಯಾರಿಗೋ ಫೋನ್ ಮಾಡಿದ. ಕಾಫಿ ಆರುವಷ್ಟರಲ್ಲಿ ಬಿಲ್ಲಿನವರ ಮನುಷ್ಯ ಹಾಜರ್! ಒಟ್ಟಿಗೆ ಕಳಿಸುವ ಪದ್ಧತಿಯೇ ಇಲ್ಲದವರು ನಮ್ಮ ಗೋಡೆ ಮುಂದೆ ಹೆಗಲಿಗೆ ಹೆಗಲು ಕೊಟ್ಟು ನಿಂತರು. ಅವರಿಗೆ ಕೊನೆಗೂ ಗೂಬೆ ಕೂರಿಸಲು ಒಂದು ತಲೆ ಸಿಕ್ಕಿತ್ತು.

"ಗ್ರಾಹಕರೇ ಮಾಡಿರೋ ಹಾನಿ" ಎಂದ ಒಬ್ಬ. "ಹೌದು" ಎಂದ ಇನ್ನೊಬ್ಬ. ಸರಿಯಾಗಿದ್ದ ಲೈನನ್ನು ಕತ್ತರಿಸಿದರು. ಹೊಸ ಡಬ್ಬಿ ಹಾಕಬೇಕಂತೆ. ಅದನ್ನು ಯಾರು ಹಾಕಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.

ಈಗ ಅಕ್ಕ ಆಫೀಸಿಗೆ ಹೋಗುತ್ತಾಳೆ. ನಾನೂ ದುಡಿಯುವವನು, ನಡುನಡುವೆ ಬಂದು ಭಾವನನ್ನು ನೋಡಿ ಹೋಗುತ್ತೇನೆ. ಮಂಚವನ್ನು ಕಿಟಕಿಗೆ ಎಳೆದಿದ್ದೇವೆ. ಅಕ್ಕ ಫೋನ್ ಮಾಡಿ, "ಏನ್ರೀ, ತಟ್ಟಿ" ಎನ್ನುತ್ತಾಳೆ. ಭಾವ ಬೆರಳಿನಿಂದ ಮೊಬೈಲ್ ತಟ್ಟುತ್ತಾರೆ. ಆ ಸದ್ದು ಕೇಳಿದರೆ ಅವಳಿಗೆ ಉಸಿರು.

ಮೊನ್ನೆ ಅವಳ ಊಟದ ಡಬ್ಬಿ ಕೊಡಲು ಆಫೀಸಿಗೆ ಹೋಗಿದ್ದೆ. "ತಟ್ಟಿ" ಅಂದಳು. ಸದ್ದಿಲ್ಲ. "ಏನ್ರೀ, ತಟ್ಟಿ ಅಂದೆ." ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ನಾನು ಬಿದ್ದೆನೋ ಎದ್ದೆನೋ ಎಂದು ಓಡಿದೆ.

ಬೀಗ ತೆಗೆದು ಒಳಗೆ ನುಗ್ಗಿದರೆ ಭಾವ ಚೆನ್ನಾಗಿಯೇ ಇದ್ದರು. ಆ ಕಡೆ ಯಾರೂ ಇಲ್ಲದ ಮೊಬೈಲನ್ನು ತಟ್ಟುತ್ತಿದ್ದರು. ಬೆರಳಿನ ಗಿಣ್ಣು ಕೆಂಪಾಗಿತ್ತು. ನಾನು ಕೈ ಹಿಡಿದುಕೊಂಡ ಮೇಲೂ ಅವರು ತಟ್ಟುವುದನ್ನು ನಿಲ್ಲಿಸಲಿಲ್ಲ.